ಇಳಕಲ್ ಸೀರೆ ಅಂಗಡಿಯ ವೆಬ್‌ಸೈಟ್: ಹೊಸದು ಮಾಡಿಸುವುದೋ, ಇದ್ದದ್ದನ್ನೇ ರಿಪೇರಿ ಮಾಡುವುದೋ?

ಇಳಕಲ್ಲಿನ ಒಂದು ಸೀರೆ ಅಂಗಡಿಯ ವೆಬ್‌ಸೈಟ್ ಇದು. 2013ರಲ್ಲಿ ಮಾಡಿಸಿದ್ದು, ವರ್ಡ್‌ಪ್ರೆಸ್ ಎಂಬ ಸೈಟ್ ಕಟ್ಟುವ ಸಾಫ್ಟ್‌ವೇರ್ ಮೇಲೆ ನಡೆಯುತ್ತದೆ. ಅಂಗಡಿಯ ಕಾಕಾ ಅವರ ಹತ್ತಿರ ಆಗಲೇ ಒಂದು ಕೊಟೇಶನ್ ಇತ್ತು. ಹಳೆಯದನ್ನು ಪೂರ್ತಿ ತೆಗೆದು, ಹೊಸ ಡಿಸೈನ್, ಕಾರ್ಟ್, ಆನ್‌ಲೈನ್ ಪೇಮೆಂಟ್ ಎಲ್ಲ ಸೇರಿಸಿ ಮಾಡಿಕೊಡುತ್ತೇವೆ ಅಂತ. ಅಡ್ವಾನ್ಸ್ ಕೊಡುವ ಮುಂಚೆ ಇನ್ನೊಬ್ಬರ ಕಣ್ಣಿಗೂ ಬೀಳಲಿ ಎಂದು ನನಗೆ ಫೋನ್ ಮಾಡಿದರು.

“ಹೊಸಾದು ಮಾಡಸೂಣೋ, ಇದನ್ನ ರಿಪೇರಿ ಮಾಡಸೂಣೋ? ನೀವ ನೋಡಿ ಹೇಳ್ರಿ.”

ಬಾಗಲಕೋಟೆಯ ನವನಗರದಲ್ಲಿದ್ದುಕೊಂಡು ನಾನು ಇಂಥ ಕೆಲಸವನ್ನೇ ಮಾಡುತ್ತೇನೆ. ಸೀರೆ ಅಂಗಡಿ, ಗ್ರಾನೈಟ್ ಕಾರ್ಖಾನೆ, ಕರದಂಟಿನ ಅಂಗಡಿ, ನರ್ಸಿಂಗ್ ಹೋಮ್, ಎಲ್ಲರದ್ದೂ ಇದೇ ಪ್ರಶ್ನೆ. ಎಲ್ಲರೂ ಸೈಟಿನ ಮೊದಲ ಪುಟವನ್ನು ತೋರಿಸಿ “ಹಳೇದ ಕಾಣ್ತದ ಅಲ್ರೀ?” ಅನ್ನುತ್ತಾರೆ. ಹಳೆಯದಾಗಿ ಕಾಣುವುದು ಅಷ್ಟು ದೊಡ್ಡ ವಿಷಯ ಅಲ್ಲ. ಗಿರಾಕಿ ಏನು ತಿಳಿಯಲಿಕ್ಕೆ ಬಂದಿದ್ದಾನೋ ಅದು ಅವನಿಗೆ ಸಿಗುತ್ತಿದೆಯಾ, ಸಿಗದಿದ್ದರೆ ಎಲ್ಲಿ ತಡೆಯುತ್ತಿದೆ? ಅದನ್ನು ಒಂದೊಂದಾಗಿ ಹಿಡಿದು ನೋಡದೆ ಹೊಸದು ಮಾಡಿಸಿದರೆ ಅದೇ ತಡೆ ಹೊಸ ಬಣ್ಣದಲ್ಲಿ ಮತ್ತೆ ಬಂದು ಕೂರುತ್ತದೆ. ಈ ಸೈಟಿನಲ್ಲಿ ಏನೇನು ನೋಡಿದೆ, ಏನು ಇಟ್ಟುಕೊಂಡೆ, ಏನು ತೆಗೆದೆ ಅನ್ನುವುದನ್ನು ಬರೆದಿಡುತ್ತಿದ್ದೇನೆ.

ಸೈಟ್ ಯಾರ ಹೆಸರಿನಲ್ಲಿದೆ?

ಡಿಸೈನ್, ಕೋಡ್ ಎಲ್ಲ ಆಮೇಲೆ. ಮೊದಲು ಡೊಮೇನ್, ಅಂದರೆ ಸೈಟಿನ ವಿಳಾಸ, ಯಾರ ಹೆಸರಿನಲ್ಲಿದೆ ನೋಡಬೇಕು. ಹೊಲ ಕೊಳ್ಳುವ ಮುಂಚೆ ಉತಾರ (ಪಹಣಿ) ತೆಗೆಸಿ ನೋಡುವುದಿಲ್ವಾ, ಹಾಗೆ.

ಇಲ್ಲಿ ಡೊಮೇನ್ ಇದ್ದದ್ದು ಸೈಟ್ ಮಾಡಿಕೊಟ್ಟ ಹುಡುಗನ ಖಾತೆಯಲ್ಲಿ. ಅವನು ಈಗ ಪುಣೆಯಲ್ಲಿದ್ದಾನೆ. ಪ್ರತಿ ವರ್ಷ ರಿನ್ಯೂವಲ್ ಮೇಲ್ ಅವನಿಗೇ ಹೋಗುತ್ತಿತ್ತು. ಅವನು ಕಾಕಾ ಅವರಿಗೆ ಫೋನ್ ಮಾಡಿ ದುಡ್ಡು ತರಿಸಿಕೊಂಡು ಕಟ್ಟುತ್ತಿದ್ದ. ಒಳ್ಳೆಯ ಹುಡುಗ, ಇಷ್ಟು ವರ್ಷ ತಪ್ಪದೆ ನಡೆಸಿಕೊಂಡು ಬಂದಿದ್ದಾನೆ. ಆದರೆ ಅವನ ಫೋನ್ ನಂಬರ್ ಒಂದು ಸಲ ಬದಲಾದರೆ ಸಾಕಿತ್ತು, ಅಂಗಡಿಯ ಹೆಸರು ಬೇರೆಯವರ ಪಾಲಾಗುತ್ತಿತ್ತು. ಡಾಟ್ ಕಾಮ್ ಡೊಮೇನ್ ಅವಧಿ ಮುಗಿದರೆ ರಿಜಿಸ್ಟ್ರಾರ್ (ಹೆಸರು ನೋಂದಾಯಿಸುವ ಕಂಪನಿ) ಸ್ವಲ್ಪ ದಿನ ಕಾಯುತ್ತಾರೆ. ಆಮೇಲೆ 30 ದಿನದ ರಿಡೆಂಪ್ಶನ್ ಅವಧಿ ಬರುತ್ತದೆ, ಆಗ ಬಿಡಿಸಿಕೊಳ್ಳಲು ಹಣ ಜಾಸ್ತಿ. ಅದೂ ದಾಟಿದರೆ 5 ದಿನಕ್ಕೆ ಹೆಸರು ಬಿಡುಗಡೆಯಾಗಿ ಯಾರು ಬೇಕಾದರೂ ಕೊಳ್ಳಬಹುದು.

ಅವನಿಗೆ ಫೋನ್ ಮಾಡಿದೆವು. ಡೊಮೇನ್ ಲಾಕ್ ತೆಗೆದು, ಟ್ರಾನ್ಸ್‌ಫರ್ ಕೋಡ್ ಕಳಿಸಿಕೊಟ್ಟ. ಅಂಗಡಿಯ ಹೆಸರಿನಲ್ಲಿ ಹೊಸ ಖಾತೆ ತೆರೆದು ಅಲ್ಲಿಗೆ ತಂದೆವು. ಇಮೇಲ್ ಅಂಗಡಿಯದ್ದು, ಫೋನ್ ನಂಬರ್ ಕಾಕಾ ಅವರದ್ದು, ಎರಡನೆಯ ನಂಬರ್ ಅವರ ಸೊಸೆಯದ್ದು. ಪಾಸ್‌ವರ್ಡ್‌ಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅಂಗಡಿಯ ತಿಜೋರಿಯಲ್ಲಿ ಇಡಿಸಿದೆ. ನಾಳೆ ನಾನೇ ಊರು ಬಿಟ್ಟರೂ ಅವರ ಕೆಲಸ ನಿಲ್ಲಬಾರದು.

ಕೊಟೇಶನ್ ಕೊಟ್ಟವರ ಕಾಗದದಲ್ಲಿ ಡೊಮೇನ್ ಯಾರ ಹೆಸರಿಗೆ ಎಂಬ ಮಾತೇ ಇರಲಿಲ್ಲ. ಸೈಟ್ ಮಾಡಿಸುವವರು ಯಾರೇ ಇರಲಿ, ಇದನ್ನು ಮೊದಲು ಕೇಳಿ.

ಇದಾದ ಮೇಲೆ ಬ್ಯಾಕಪ್. ಹೋಸ್ಟಿಂಗ್ ಕಂಪನಿ ಕೊಡುವ ಸಿಪ್ಯಾನೆಲ್ ಎಂಬ ನಿಯಂತ್ರಣ ಪುಟದಿಂದ ಫೈಲುಗಳ ಪೂರ್ತಿ ಕಾಪಿ, ಅಲ್ಲಿನ ಪಿಎಚ್‌ಪಿ ಮೈ ಅಡ್ಮಿನ್‌ನಿಂದ ಪುಟಗಳ ಪಠ್ಯ ಇರುವ ಡೇಟಾಬೇಸಿನ ಎಕ್ಸ್‌ಪೋರ್ಟ್. ಒಂದು ನನ್ನ ಹಾರ್ಡ್ ಡಿಸ್ಕಿನಲ್ಲಿ, ಒಂದು ಅಂಗಡಿಯ ಪೆನ್ ಡ್ರೈವಿನಲ್ಲಿ.

ವಾಟ್ಸಾಪ್ ತೆಗೆದು ನೋಡಿದೆ

ಸೈಟಿಗೆ ಏನು ಬೇಕು ಅನ್ನುವುದು ಸೈಟಿನಲ್ಲಿ ಕಾಣುವುದಿಲ್ಲ. ಗಿರಾಕಿಗಳು ಅಂಗಡಿಗೆ ಕಳಿಸುವ ಮೆಸೇಜಿನಲ್ಲಿ ಕಾಣುತ್ತದೆ. ಅಂಗಡಿಯ ವಾಟ್ಸಾಪ್ ನೋಡಿಕೊಳ್ಳುವವರು ಕಾಕಾ ಅವರ ಸೊಸೆ. ನಾನು ವೈನಿ ಅಂತಲೇ ಕರೆಯುವುದು. ಅವರ ಪಕ್ಕ ಕೂತು ಹಳೆಯ ಮೆಸೇಜುಗಳನ್ನು ಮೇಲಿನಿಂದ ಕೆಳಗೆ ಓದಿಸಿದೆ. ಪುಣೆ, ಸೊಲ್ಲಾಪುರ, ಹುಬ್ಬಳ್ಳಿ, ಬೆಂಗಳೂರು, ಎಲ್ಲ ಕಡೆಯಿಂದ ಬರುತ್ತವೆ.

“ದಿನಾ ಇದನ್ನ ಕೇಳ್ತಾರ ನೋಡ್ರಿ. ದಿನಾ ಇದನ್ನ ಟೈಪ್ ಮಾಡೂದ ನನ್ನ ಕೆಲಸ ಆಗೇತಿ” ಅಂದರು ವೈನಿ.

ಕೈಮಗ್ಗದ್ದೋ, ಪವರ್‌ಲೂಮಿನದ್ದೋ? ಸೆರಗು ರೇಷ್ಮೆಯೋ, ಚಮಕಾನೋ (ಕೃತಕ ರೇಷ್ಮೆ)? ಆರು ವಾರಿಯೋ, ಒಂಬತ್ತು ವಾರಿಯೋ? ಬ್ಲೌಸ್ ಪೀಸ್ ಬರುತ್ತಾ? ಬಣ್ಣ ಬಿಡುತ್ತಾ? ಕೊರಿಯರ್ ಮಾಡ್ತೀರಾ? ಅಂಗಡಿ ಯಾವ ವಾರ ಬಂದ್? ಪ್ರಶ್ನೆಗಳು ಇಷ್ಟೇ, ಸುತ್ತಿ ಸುತ್ತಿ ಇವೇ.

ಈ ಪ್ರಶ್ನೆಗಳನ್ನು ಹಾಳೆ ಮೇಲೆ ಬರೆದುಕೊಂಡು, ಸೈಟ್ ತೆರೆದು ಒಂದೊಂದಕ್ಕೂ ಉತ್ತರ ಹುಡುಕಿದೆ. ಒಂದಕ್ಕೂ ಇಲ್ಲ. “ನಮ್ಮಲ್ಲಿ ಎಲ್ಲ ತರಹದ ಇಳಕಲ್ ಸೀರೆಗಳು ಸಿಗುತ್ತವೆ” ಎಂಬ ಒಂದು ವಾಕ್ಯ ಇತ್ತು. ಹೊಸ ಸೈಟಿನ ಕೊಟೇಶನ್ ಜೊತೆ ಬಂದ ಸ್ಯಾಂಪಲ್ ಪುಟ ನೋಡಿದೆ. ಅಲ್ಲಿಯೂ ದೊಡ್ಡ ಫೋಟೊ, ದೊಡ್ಡ ಅಕ್ಷರ, ಅದೇ ವಾಕ್ಯ. ಎರಡು ಸೈಟಿನಲ್ಲಿ ಯಾವುದನ್ನು ಇಟ್ಟರೂ ವೈನಿ ಟೈಪ್ ಮಾಡುವುದು ತಪ್ಪುತ್ತಿರಲಿಲ್ಲ.

ಹಾಗಾಗಿ ಸೈಟಿಗೆ ಅಪ್‌ಡೇಟ್ ಬೇಕೇ ಬೇಕು ಅನ್ನುವುದು ಅಲ್ಲೇ ತೀರ್ಮಾನವಾಯಿತು. ಕೋಡಿನ ಕಡೆ ಇನ್ನೂ ನೋಡಿರಲಿಲ್ಲ.

ಕಾಲ ಮೀರಿದ ವಿವರಗಳು

ಇದು ಬೇಗ ಮುಗಿಯಿತು. ಸಂಪರ್ಕ ಪುಟದಲ್ಲಿ ಲ್ಯಾಂಡ್‌ಲೈನ್ ನಂಬರ್ ಇತ್ತು, ಆ ಕನೆಕ್ಷನ್ ಯಾವಾಗಲೋ ತೆಗೆಸಿದ್ದಾರೆ. ಬೆಲೆ ಪಟ್ಟಿಯ ಕೆಳಗೆ “ವ್ಯಾಟ್ ಪ್ರತ್ಯೇಕ” ಎಂದಿತ್ತು, ವ್ಯಾಟ್ ನೋಂದಣಿಯ ಟಿನ್ ನಂಬರ್ ಕೂಡ. ವ್ಯಾಟ್ ಹೋಗಿ ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಸಗಟು ಕೊಳ್ಳುವವರು ಮೊದಲು ನೋಡುವುದೇ ಜಿಎಸ್‌ಟಿ ನಂಬರ್, 29ರಿಂದ ಶುರುವಾಗುವ ಆ 15 ಅಕ್ಷರ. ಅದು ಇಲ್ಲದೆ ಟಿನ್ ನಂಬರ್ ಕಂಡರೆ ಅಂಗಡಿ ಇನ್ನೂ ನಡೆಯುತ್ತಿದೆಯೋ ಇಲ್ಲವೋ ಎಂಬ ಅನುಮಾನ ಬರುವುದು ಸಹಜ. ಅಂಗಡಿಯ ಬೆಂಗಳೂರು ಏಜೆಂಟರ ವಿಳಾಸ ಒಂದಿತ್ತು, ಅವರು ವ್ಯಾಪಾರ ಬಿಟ್ಟಿದ್ದಾರೆ. ಗೂಗಲ್ ಮ್ಯಾಪಿನಲ್ಲಿ ಒಂದು ವೇಳೆ, ಸೈಟಿನಲ್ಲಿ ಇನ್ನೊಂದು ವೇಳೆ.

ಇವನ್ನು ತಿದ್ದಲು ಡೆವಲಪರ್ ಬೇಕಾಗಿಲ್ಲ. ವೈನಿ ಪಕ್ಕದಲ್ಲಿದ್ದರು, ಅವರಿಂದಲೇ ತಿದ್ದಿಸಿದೆ. ಲಾಗಿನ್ ಹೇಗೆ, ಎಡಿಟ್ ಎಲ್ಲಿ, ಅಪ್‌ಡೇಟ್ ಬಟನ್ ಯಾವುದು ಎಂದು ತೋರಿಸಿದರೆ ಸಾಕಾಯಿತು. ವಾಟ್ಸಾಪ್ ಬಿಸಿನೆಸ್ ನಡೆಸುವವರಿಗೆ ವರ್ಡ್‌ಪ್ರೆಸ್ ಕಷ್ಟವೇನಲ್ಲ.

ಅಂಗಡಿಯಲ್ಲಿ ಸರಿ, ಹೊರಗೆ ಗೊಂದಲ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ಭಾಗದ ಎಷ್ಟೋ ಹಳೆಯ ಸೈಟುಗಳಲ್ಲಿ ಇದೇ ತೊಂದರೆ ಇದೆ, ಮಾಲೀಕರಿಗೆ ಗೊತ್ತೇ ಇಲ್ಲ.

ಈ ಸೈಟಿನಲ್ಲಿ ಒಂದು ಕನ್ನಡ ವಿಭಾಗ ಇದೆ. ನನ್ನ ಫೋನಿನಲ್ಲಿ ತೆರೆದರೆ ಕನ್ನಡವೇ ಇಲ್ಲ. ರೋಮನ್ ಅಕ್ಷರಗಳ ತಲೆ ಮೇಲೆ ಗೆರೆ, ಚುಕ್ಕೆ, ನಡುವೆ ಪೌಂಡಿನ ಚಿಹ್ನೆ. ಪುಟದ ತುಂಬ ಅದೇ. ಕಾಕಾ ಅವರಿಗೆ ತೋರಿಸಿದರೆ ಅವರು ನಂಬಲಿಲ್ಲ. “ನಮ್ಮ ಕಂಪ್ಯೂಟರಿನ್ಯಾಗ ಛಲೋ ಕಾಣ್ತದಲ್ರೀ” ಅಂದರು. ಹೋಗಿ ನೋಡಿದರೆ ಹೌದು, ಅಂಗಡಿಯ ಕಂಪ್ಯೂಟರಿನಲ್ಲಿ ಸ್ವಚ್ಛ ಕನ್ನಡ.

ಕಾರಣ ಇಷ್ಟು. ಆ ಪುಟಗಳನ್ನು ಟೈಪ್ ಮಾಡಿದ್ದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ, ಯುನಿಕೋಡ್ (ಎಲ್ಲ ಕಂಪ್ಯೂಟರ್, ಫೋನಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ. ಅದರಲ್ಲಿ ಒಳಗೆ ಉಳಿಯುವುದು ರೋಮನ್ ಅಕ್ಷರಗಳ ಸಂಕೇತವೇ. ಫಾಂಟ್ ಅದರ ಮೇಲೆ ಕನ್ನಡದ ಆಕಾರ ಬಿಡಿಸುತ್ತದೆ, ಅಷ್ಟೇ. ಅಂಗಡಿಯ ಕಂಪ್ಯೂಟರಿನಲ್ಲಿ ಬಿಲ್ ಮಾಡಲು ನುಡಿ ಹಾಕಿದ್ದಾರೆ, ಹಾಗಾಗಿ ಅಲ್ಲಿ ಕನ್ನಡ ಕಾಣುತ್ತದೆ. ಸೈಟ್ ಮಾಡಿದವನು ಫಾಂಟನ್ನು ಸೈಟಿನ ಜೊತೆಯೂ ಕೊಟ್ಟಿದ್ದ, ಆದರೆ ಇಒಟಿ ಎಂಬ ಫೈಲ್ ಮಾದರಿಯಲ್ಲಿ ಮಾತ್ರ. ಅದನ್ನು ಓದುತ್ತಿದ್ದದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಒಂದೇ. ಅದನ್ನು ಮೈಕ್ರೋಸಾಫ್ಟ್ 2022ರ ಜೂನ್ 15ಕ್ಕೆ ನಿಲ್ಲಿಸಿತು. ಕ್ರೋಮ್, ಫೈರ್‌ಫಾಕ್ಸ್, ಯಾವ ಫೋನ್ ಆದರೂ ಆ ಫೈಲ್ ಕಡೆ ತಿರುಗಿಯೂ ನೋಡುವುದಿಲ್ಲ.

ಇನ್ನೂ ದೊಡ್ಡ ನಷ್ಟ ಬೇರೆ ಇದೆ. ಗೂಗಲ್ ಆ ಪುಟವನ್ನು ಓದಿದರೆ ಅದಕ್ಕೆ ಕನ್ನಡ ಸಿಗುವುದಿಲ್ಲ. “ಇಳಕಲ್ ಸೀರೆ ಸೆರಗು” ಎಂದು ಕನ್ನಡದಲ್ಲಿ ಯಾರು ಹುಡುಕಿದರೂ ಈ ಪುಟ ಬರುವ ಸಾಧ್ಯತೆಯೇ ಇಲ್ಲ.

ಆ ಕನ್ನಡ ಪುಟಗಳಲ್ಲಿ ಏನಿತ್ತು ಅಂದರೆ, ಕಾಕಾ ಅವರ ಅಣ್ಣ ಬರೆದಿಟ್ಟ ನೇಯ್ಗೆಯ ವಿವರ. ಅವರು ಈಗ ಇಲ್ಲ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆ ಎಳೆಯಾಗಿ ಕುಣಿಕೆ ಹಾಕಿ ಹೇಗೆ ಕೂಡಿಸುತ್ತಾರೆ ಎಂದು ಬರೆದಿದ್ದಾರೆ. ಟೋಪತೆನಿ ಸೆರಗಿನಲ್ಲಿ ಕೆಂಪಿನ 3 ಪಟ್ಟಿ, ನಡುವೆ ಬಿಳಿಯ 2 ಪಟ್ಟಿ ಯಾಕೆ ಹಾಗೆ ಕಾಣುತ್ತವೆ, ಹಣಿಗೆ, ಕೋಟೆ, ಜೋಳದ ತೆನೆ ಅದರಲ್ಲಿ ಎಲ್ಲಿ ಮೂಡುತ್ತವೆ, ಅಂಚಿನಲ್ಲಿ ಗೋಮಿ ದಡಿ, ಚಿಕ್ಕಿ ದಡಿ, ಗಾಡಿ ದಡಿ ಗುರುತಿಸುವುದು ಹೇಗೆ, ಎಲ್ಲವೂ ಇದೆ. ಮಗ್ಗದ ಮುಂದೆ ಬೆಳೆದವರು ಬರೆದದ್ದು ಅಂತ ಎರಡು ಸಾಲು ಓದಿದರೆ ಗೊತ್ತಾಗುತ್ತದೆ. ಇದರ ಇಂಗ್ಲಿಷ್ ಸಾರಾಂಶ ಒಂದು ಪುಟದಲ್ಲಿದೆ. ಸಿಪ್ಯಾನೆಲ್‌ನ ಎಡಬ್ಲ್ಯುಸ್ಟ್ಯಾಟ್ಸ್ (ಯಾವ ಪುಟ ಎಷ್ಟು ಸಲ ತೆರೆದರು ಎಂಬ ಲೆಕ್ಕ) ತೆಗೆದು ನೋಡಿದೆ: ಇಡೀ ಸೈಟಿನಲ್ಲಿ ಜನ ಅತಿ ಹೆಚ್ಚು ತೆರೆದದ್ದು ಆ ಇಂಗ್ಲಿಷ್ ಪುಟವನ್ನೇ. ಮುಖಪುಟಕ್ಕಿಂತ ಜಾಸ್ತಿ. ಬೇರೆ ಸೈಟುಗಳಿಂದಲೂ ಅದಕ್ಕೆ ಲಿಂಕ್ ಇದೆ.

ಹೊಸ ಸೈಟಿನ ಕೊಟೇಶನ್ನಿನಲ್ಲಿ ಪುಟಗಳ ಪಟ್ಟಿ ಹೀಗಿತ್ತು: ಹೋಮ್, ಅಬೌಟ್, ಪ್ರಾಡಕ್ಟ್ಸ್, ಗ್ಯಾಲರಿ, ಕಾಂಟ್ಯಾಕ್ಟ್. ನೇಯ್ಗೆಯ ಪುಟ ಅದರಲ್ಲಿ ಇಲ್ಲ. ಅವರು ಹೇಳಿದ ಹಾಗೆ ಮಾಡಿಸಿದ್ದರೆ ಜನ ಹುಡುಕಿಕೊಂಡು ಬರುವ ಒಂದೇ ಒಂದು ಪುಟ ಮಾಯವಾಗಿ, ಆ ಲಿಂಕುಗಳೆಲ್ಲ “ಪುಟ ಸಿಗಲಿಲ್ಲ” ಎಂಬ 404ಕ್ಕೆ ಹೋಗಿ ನಿಲ್ಲುತ್ತಿದ್ದವು. “ಪೂರ್ತಿ ಹೊಸದು ಬೇಡ” ಎಂದು ನಾನು ನಿಶ್ಚಯಿಸಿದ್ದು ಈ ಪುಟ ನೋಡಿದ ಮೇಲೆ. ಪುಟಗಳ ವಿಳಾಸ ಒಂದೂ ಬದಲಾಗಬಾರದು, ಬದಲಾಗಲೇಬೇಕಾದ ಕಡೆ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ 301 ರಿಡೈರೆಕ್ಟ್ ಇರಬೇಕು ಎಂದು ಬರೆದುಕೊಂಡೆ.

ಕನ್ನಡವನ್ನು ಯುನಿಕೋಡಿಗೆ ತಂದ ಕೆಲಸ ಹೀಗೆ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಪಠ್ಯ ಹಾಕಿದರೆ ಕ್ಷಣದಲ್ಲಿ ಕನ್ನಡ ಬರುತ್ತದೆ. ಆದರೆ ಅಲ್ಲಿಗೆ ಬಿಡುವ ಹಾಗಿಲ್ಲ. ಅರ್ಕಾವತ್ತು ನೋಡಿ. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಹಾಗೇ ಅಕ್ಷರದ ನಂತರ ಸೇವ್ ಆಗಿರುತ್ತದೆ. ಯುನಿಕೋಡಿನಲ್ಲಿ “ರ್” ಮೊದಲು ಬರಬೇಕು. “ವರ್ಷ”, “ಪೂರ್ತಿ” ಬಂದಲ್ಲೆಲ್ಲ ಪರಿವರ್ತಕ ಅದನ್ನು ಅಕ್ಷರದ ಮೊದಲಿಗೆ ಸರಿಸುತ್ತದೆ, ಒತ್ತಕ್ಷರವೂ ಸೇರಿದ ಕಡೆ ಕೆಲವು ಸಲ ಎಡವುತ್ತದೆ. ಸಾಲಿನ ನಡುವೆ ಇದ್ದ ಇಂಗ್ಲಿಷ್ ಪದಗಳನ್ನೂ ಅದು ಕನ್ನಡ ಎಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡುತ್ತದೆ. ಹಾಗಾಗಿ ಅಂಗಡಿಯ ಕಂಪ್ಯೂಟರಿನಲ್ಲಿ ಹಳೆಯ ಪುಟದ ಪ್ರಿಂಟ್ ತೆಗೆಸಿ, ವೈನಿ ಓದುತ್ತಾ ಹೋದರು, ನಾನು ಸ್ಕ್ರೀನಿನಲ್ಲಿ ತಿದ್ದುತ್ತಾ ಹೋದೆ. ಕಾಕಾ ಅವರ ಅಣ್ಣನ ಮಾತು ಒಂದೂ ಬದಲಿಸಬಾರದು ಎಂದು ಮನೆಯವರು ಹೇಳಿದ್ದರು, ಬದಲಿಸಲಿಲ್ಲ.

ತಾಂತ್ರಿಕ ತಪಾಸಣೆ

ಅಡ್ರೆಸ್ ಬಾರಿನಲ್ಲಿ “ಸುರಕ್ಷಿತವಲ್ಲ” ಎಂದು ಬರುತ್ತಿತ್ತು. ಸೈಟ್ ಇನ್ನೂ ಎಚ್‌ಟಿಟಿಪಿ ಮೇಲೆಯೇ ಇತ್ತು, ಅಂದರೆ ಹೋಗಿ ಬರುವ ಮಾಹಿತಿಗೆ ಗೂಢಲಿಪಿಯ ರಕ್ಷಣೆ ಇಲ್ಲ. ಎಚ್‌ಟಿಟಿಪಿ ಸೈಟುಗಳಿಗೆಲ್ಲ ಕ್ರೋಮ್ ಹೀಗೆ ತೋರಿಸಲು ಶುರು ಮಾಡಿದ್ದು 2018ರ ಜುಲೈನಲ್ಲಿ. ಫೋನ್ ನಂಬರ್ ಕೊಡಿ ಎಂದು ಕೇಳುವ ಪುಟದ ಮೇಲೆ ಈ ಮಾತು ಕಂಡರೆ ಯಾರು ಕೊಡುತ್ತಾರೆ? ಆ ರಕ್ಷಣೆ (ಎಚ್‌ಟಿಟಿಪಿಎಸ್) ಕೊಡುವ ಸರ್ಟಿಫಿಕೇಟಿಗೆ ಹಣ ಕೊಡಬೇಕಾಗಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್‌ನದ್ದು ಉಚಿತ, ಅವಧಿ ಮುಗಿಯುವ ಮುಂಚೆ ಹೋಸ್ಟಿಂಗೇ ತಾನಾಗಿ ನವೀಕರಿಸುತ್ತದೆ. ಹಳೆಯ ಫೋಟೊಗಳ ವಿಳಾಸ ಡೇಟಾಬೇಸಿನಲ್ಲಿ ಎಚ್‌ಟಿಟಿಪಿ ಎಂದೇ ಇರುತ್ತದೆ, ಅವನ್ನೂ ಬದಲಿಸಬೇಕು. ಅದನ್ನು ಡೇಟಾಬೇಸಿಗೆ ನೇರವಾಗಿ ಕೊಡುವ ಎಸ್‌ಕ್ಯುಎಲ್ ಆಜ್ಞೆಯಲ್ಲಿ ಮಾಡಬೇಡಿ. ವರ್ಡ್‌ಪ್ರೆಸ್ ಕೆಲವು ಸೆಟ್ಟಿಂಗುಗಳನ್ನು ಅಕ್ಷರಗಳ ಎಣಿಕೆ ಸಮೇತ ಇಟ್ಟಿರುತ್ತದೆ. ಒಂದು ಅಕ್ಷರ ಹೆಚ್ಚಾದರೂ ಅದು ಓದಲಾಗದ ಹಾಗೆ ಆಗುತ್ತದೆ. ಡಬ್ಲ್ಯುಪಿ-ಸಿಎಲ್‌ಐ ಎಂಬ ವರ್ಡ್‌ಪ್ರೆಸ್ ಸಾಧನದ ಸರ್ಚ್-ರಿಪ್ಲೇಸ್ ಆ ಎಣಿಕೆಯನ್ನೂ ಸರಿ ಮಾಡುತ್ತದೆ.

ಗ್ಯಾಲರಿ ಇದ್ದ ಜಾಗದಲ್ಲಿ ಬೂದು ಬಣ್ಣದ ಚೌಕ. ಅದು ಫ್ಲ್ಯಾಶ್, ಹಿಂದೆ ಬ್ರೌಸರಿನಲ್ಲಿ ಚಲಿಸುವ ಚಿತ್ರ ತೋರಿಸುತ್ತಿದ್ದ ತಂತ್ರಾಂಶ. ಅಡೋಬಿ 2020ರ ಡಿಸೆಂಬರ್ 31ಕ್ಕೆ ಅದಕ್ಕೆ ಬೆಂಬಲ ನಿಲ್ಲಿಸಿ, 2021ರ ಜನವರಿ 12ರಿಂದ ಓಡದ ಹಾಗೇ ಮಾಡಿತು. ಅಂದರೆ ಅಷ್ಟು ಕಾಲದಿಂದ ಸೀರೆ ಅಂಗಡಿಯ ಸೈಟಿನಲ್ಲಿ ಸೀರೆಯೇ ಕಾಣುತ್ತಿರಲಿಲ್ಲ. ಇದಕ್ಕೆ ರಿಪೇರಿ ಇಲ್ಲ, ತೆಗೆದು ಹಾಕುವುದೇ.

ಸರ್ವರಿನಲ್ಲಿ ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ ಪ್ರೋಗ್ರಾಮಿಂಗ್ ಭಾಷೆ) 5.6. ಅದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ನಿಂತದ್ದು 2018ರ ಕೊನೆಗೆ. ವರ್ಡ್‌ಪ್ರೆಸ್ 4ರ ಸರಣಿಯದ್ದು. ಇಷ್ಟು ಹಳೆಯದಿದ್ದರೆ ಯಾರಾದರೂ ಒಳಗೆ ಹೊಕ್ಕಿದ್ದಾರಾ ಎಂದು ಮೊದಲು ನೋಡಬೇಕು. ಗೂಗಲ್‌ನಲ್ಲಿ ಸೈಟಿನ ಪುಟಗಳನ್ನಷ್ಟೇ ತೆಗೆಸಿ, ಒಳಹೊಕ್ಕವರು ಸೇರಿಸುವಂಥ ಔಷಧಿ, ಜೂಜು, ಜಪಾನಿ ಅಕ್ಷರ ಇರುವ ಪುಟ ಇವೆಯಾ ನೋಡಿದೆ. ಇರಲಿಲ್ಲ. ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಫೋಟೊ ಮಾತ್ರ ಇರಬೇಕು, ಪಿಎಚ್‌ಪಿ ಫೈಲ್ ಇದ್ದರೆ ಅದು ಕಳ್ಳನದ್ದೇ. ಅಲ್ಲಿಯೂ ಸ್ವಚ್ಛ. ಅಡ್ಮಿನ್ ಖಾತೆಗಳಲ್ಲಿ ಅಪರಿಚಿತರು ಯಾರೂ ಇಲ್ಲ. ಇಲ್ಲಿ ಕೊಳೆ ಸಿಕ್ಕಿದ್ದರೆ ನನ್ನ ಸಲಹೆ ಬೇರೆಯೇ ಇರುತ್ತಿತ್ತು.

ಅಪ್‌ಡೇಟ್ ಮಾಡುವುದಕ್ಕೆ ಒಂದು ಸಬ್‌ಡೊಮೇನಿನಲ್ಲಿ ಸೈಟಿನ ಕಾಪಿ ನಿಲ್ಲಿಸಿಕೊಂಡೆ. ಕ್ರಮ ಮುಖ್ಯ. ಹಳೆಯ ವರ್ಡ್‌ಪ್ರೆಸ್ ಇಟ್ಟುಕೊಂಡು ನೇರವಾಗಿ ಪಿಎಚ್‌ಪಿ 8ಕ್ಕೆ ಹಾರಿದರೆ ಸೈಟ್ ಬೀಳುತ್ತದೆ. ಪಿಎಚ್‌ಪಿ 5.6 ಒಪ್ಪುವ ಕೊನೆಯ ವರ್ಡ್‌ಪ್ರೆಸ್ ಸರಣಿ 6.2. ಮೊದಲು ಅಲ್ಲಿಗೆ ಹೋಗಿ, ಆಮೇಲೆ ಪಿಎಚ್‌ಪಿ 7.4, ಅಲ್ಲಿಂದ ವರ್ಡ್‌ಪ್ರೆಸ್ ಹೊಸದು, ಕೊನೆಗೆ ಪಿಎಚ್‌ಪಿ 8.3. 7.4ರವರೆಗೆ ಸೈಟ್ ನಡೆಯಿತು. 8.3ಕ್ಕೆ ಹಾಕಿದ ಕೂಡಲೇ ಬಿಳಿ ಪುಟ. ಡಿಬಗ್ ಲಾಗ್ (ತಪ್ಪುಗಳ ದಾಖಲೆ) ತೆಗೆದರೆ ಥೀಮಿನ (ಸೈಟಿನ ವಿನ್ಯಾಸದ ಪ್ಯಾಕೇಜ್) ಹೆಸರು: ಕ್ರಿಯೇಟ್ ಫಂಕ್ಷನ್ ಎಂಬ ಹಳೆಯ ಪಿಎಚ್‌ಪಿ ಕರೆಯನ್ನು ಬಳಸಿದ್ದಾರೆ, ಅದನ್ನು ಪಿಎಚ್‌ಪಿ 8ರಲ್ಲಿ ತೆಗೆದುಬಿಟ್ಟಿದ್ದಾರೆ. ಆ ಸಾಲುಗಳನ್ನು ತಿದ್ದಬಹುದಿತ್ತು. ಆದರೆ ಅದೇ ಥೀಮಿನ ಅಗಲ 960 ಪಿಕ್ಸೆಲಿಗೆ ಕಟ್ಟಿ ಹಾಕಿದ್ದು, ಫೋನಿನಲ್ಲಿ ಬೆರಳಿನಿಂದ ಎಳೆದೆಳೆದು ಓದಬೇಕು. ಫ್ಲ್ಯಾಶ್ ಗ್ಯಾಲರಿಯೂ ಅದರೊಳಗೇ ಇದೆ. ನೋಡಿಕೊಳ್ಳುವವರು ಯಾರೂ ಇಲ್ಲ. ಇಷ್ಟೆಲ್ಲ ಒಂದೇ ಕಡೆ ಸೇರಿದಾಗ ಅದನ್ನು ಬಿಡುವುದೇ ಸರಿ.

ಹಾಗಾಗಿ ತೀರ್ಮಾನ ಹೀಗಾಯಿತು. ಥೀಮ್ ಹೋಗಲಿ. ಡೊಮೇನ್, ವರ್ಡ್‌ಪ್ರೆಸ್, ಪುಟಗಳು, ಪುಟಗಳ ವಿಳಾಸ ಎಲ್ಲ ಉಳಿಯಲಿ. ಹೊಸ ಥೀಮಿಗೆ ಹಣ ಕೊಡಲಿಲ್ಲ, ವರ್ಡ್‌ಪ್ರೆಸ್ ಜೊತೆಗೇ ಬರುವ ಟ್ವೆಂಟಿ ಟ್ವೆಂಟಿ-ಫೋರ್ ಹಾಕಿದೆ. ಒಂದೇ ಒಂದು ಬದಲಾವಣೆ ಬೇಕಾಯಿತು: ಕನ್ನಡ ಪುಟಗಳಲ್ಲಿ ಸಾಲುಗಳ ಅಂತರ. ತಲೆಬರಹಗಳಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತಿತ್ತು. 1.7ಕ್ಕೆ ಏರಿಸಿದ ಮೇಲೆ ಉಸಿರಾಡುವಷ್ಟು ಜಾಗ ಬಂತು. ಕನ್ನಡ ಸೈಟ್ ಮಾಡುವವರು ಇದನ್ನು ಯಾವಾಗಲೂ ನೋಡಬೇಕು. ರೋಮನ್ ಅಕ್ಷರಕ್ಕೆ ಹೊಂದುವ ಅಂತರ ನಮ್ಮ ಲಿಪಿಗೆ ಸಾಲುವುದಿಲ್ಲ.

ಎಲ್ಲಿ ಹೋದವು ಆ ಎನ್‌ಕ್ವೈರಿಗಳು

“ಸೈಟಿನಿಂದ ಒಂದೂ ಎನ್‌ಕ್ವೈರಿ ಬರಂಗಿಲ್ರೀ” ಎಂದು ಕಾಕಾ ಮೊದಲೇ ಹೇಳಿದ್ದರು. ಫಾರ್ಮ್ ತುಂಬಿ ಕಳಿಸಿ ನೋಡಿದೆ. “ಧನ್ಯವಾದ” ಎಂದು ಬಂತು. ಇನ್‌ಬಾಕ್ಸಿನಲ್ಲಿ ಏನೂ ಇಲ್ಲ. ಸ್ಪ್ಯಾಮ್ ಫೋಲ್ಡರ್ ತೆರೆದರೆ ಅಲ್ಲಿದೆ, ಅದರ ಕೆಳಗೆ ನಿಜವಾದ ಗಿರಾಕಿಗಳದ್ದೂ ಇವೆ. ಜಿಮೇಲ್ ಸ್ಪ್ಯಾಮನ್ನು 30 ದಿನಕ್ಕೆ ಅಳಿಸುತ್ತದೆ, ಹಾಗಾಗಿ ಇತ್ತೀಚಿನವು ಮಾತ್ರ ಉಳಿದಿದ್ದವು. ಮದುವೆಗೆ ಜವಳಿ ಬೇಕೆಂದು ಕೇಳಿದವರೂ ಅದರಲ್ಲಿದ್ದರು. ವೈನಿ ಅಲ್ಲೇ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿದರು.

ಫಾರ್ಮ್ ಪಿಎಚ್‌ಪಿಯ ಮೇಲ್ ಕರೆಯಿಂದ ಸರ್ವರಿನಿಂದಲೇ ಪತ್ರ ಕಳಿಸುತ್ತಿತ್ತು. ಈ ಡೊಮೇನಿನ ಹೆಸರಿನಲ್ಲಿ ಯಾರು ಮೇಲ್ ಕಳಿಸಬಹುದು ಎಂಬ ಎಸ್‌ಪಿಎಫ್ ದಾಖಲೆ ಇಲ್ಲ, ಪತ್ರ ಅಸಲಿ ಎಂದು ತೋರಿಸುವ ಡಿಕೆಐಎಂ ಸಹಿಯೂ ಇಲ್ಲ. ಜಿಮೇಲ್ ಅನುಮಾನ ಪಡದೆ ಏನು ಮಾಡುತ್ತದೆ? ಎಸ್‌ಎಂಟಿಪಿ ಮೂಲಕ, ಅಂದರೆ ಮೇಲ್ ಖಾತೆಗೆ ಲಾಗಿನ್ ಆಗಿ, ಕಳಿಸುವ ಹಾಗೆ ಮಾಡಿ, ಎರಡೂ ದಾಖಲೆ ಡೊಮೇನಿನ ಡಿಎನ್‌ಎಸ್ ಪಟ್ಟಿಗೆ ಸೇರಿಸಿದೆ. ಈಗ ಇನ್‌ಬಾಕ್ಸಿಗೇ ಬರುತ್ತವೆ. ಸೈಟ್ ಇದ್ದವರು ಇವತ್ತೇ ತಮ್ಮ ಫಾರ್ಮನ್ನು ಒಮ್ಮೆ ತುಂಬಿ ನೋಡಿ, ದಯವಿಟ್ಟು.

ಫೋಟೊ, ಬಣ್ಣ, ಮತ್ತು “ಸಿಲ್ಕ್” ಎಂಬ ಮಾತು

ಫೋಟೊಗಳನ್ನು ಹೊಸದಾಗಿ ತೆಗೆದೆವು. ಸ್ಟುಡಿಯೋ ಬೇಡ ಎಂದೆ. ಅಂಗಡಿಯ ಮಾಳಿಗೆ ಮೇಲೆ ಉತ್ತರಕ್ಕೆ ಒಂದು ಕಿಟಕಿ ಇದೆ, ನೇರ ಬಿಸಿಲು ಬೀಳುವುದಿಲ್ಲ. ಅದರ ಪಕ್ಕ ಸೀರೆ ಹಾಸಿ, ವೈನಿ ಫೋನಿನಲ್ಲೇ ತೆಗೆದರು. ತೊಂದರೆ ಕೊಟ್ಟದ್ದು ಕೆಂಪು. ಇಳಕಲ್ ಸೆರಗಿನ ಕೆಂಪು ಫೋನ್ ಕ್ಯಾಮೆರಾದಲ್ಲಿ ಉಕ್ಕಿ ಹರಿದ ಹಾಗೆ ಬರುತ್ತದೆ, ಒಳಗಿನ ನೇಯ್ಗೆಯ ಗೆರೆಗಳೇ ಮುಚ್ಚಿಹೋಗುತ್ತವೆ. ಸ್ಕ್ರೀನ್ ಮುಟ್ಟಿ ಬೆಳಕನ್ನು ಸ್ವಲ್ಪ ಇಳಿಸಿದರೆ ಬಿಳಿ ತೆನೆ, ಹಣಿಗೆ ಎಲ್ಲ ಬಿಡಿ ಬಿಡಿಯಾಗಿ ಕಾಣುತ್ತವೆ. ಚೌಕಟ್ಟಿನ ಮೂಲೆಯಲ್ಲಿ ಒಂದು ಬಿಳಿ ಹಾಳೆ ಇಟ್ಟು, ಆಮೇಲೆ ಆ ಹಾಳೆ ಬಿಳಿಯಾಗಿ ಕಾಣುವ ತನಕ ಬಣ್ಣ ಸರಿ ಮಾಡಿದೆವು. ಫಿಲ್ಟರ್ ಒಂದನ್ನೂ ಹಾಕಲಿಲ್ಲ. ಗಿರಿಕುಂಕುಮ ಬಣ್ಣ ಎಂದು ಕಳಿಸಿದ ಸೀರೆ ಮನೆಗೆ ಹೋದಾಗ ಗಿರಿಕುಂಕುಮವೇ ಇರಬೇಕು.

ಒಂದೊಂದು ಸೀರೆಗೆ ಪೂರ್ತಿ ಸೆರಗು, ದಡಿ ಹತ್ತಿರದಿಂದ, ಒಡಲಿನ ಬಟ್ಟೆ, ಮತ್ತು ಒಡಲು-ಸೆರಗು ಕೂಡುವ ಜಾಗದ ಹಿಂಬದಿ. ಕೊನೆಯದನ್ನು ಕಾಕಾ ಅವರೇ ಹೇಳಿ ತೆಗೆಸಿದರು. ಸೀರೆ ಬಲ್ಲವರು ಮೊದಲು ತಿರುಗಿಸಿ ನೋಡುವುದೇ ಅದನ್ನು. ಫೋನಿನಿಂದ ಬಂದ ಫೋಟೊ ಒಂದೊಂದೂ 5 ಎಂಬಿ ಆಸುಪಾಸು. ಅಗಲ 1400 ಪಿಕ್ಸೆಲಿಗೆ ಇಳಿಸಿ ವೆಬ್‌ಪಿ ಎಂಬ ಹಗುರ ಚಿತ್ರ ಮಾದರಿಗೆ ತಂದರೆ ಕೆಲವೇ ನೂರು ಕೆಬಿ, ನೇಯ್ಗೆಯ ಎಳೆ ಇನ್ನೂ ಕಾಣುತ್ತದೆ. ಸೈಟಿನ ವೇಗ ಅಳೆಯುವ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮುಖ್ಯ ಚಿತ್ರ ಮೂಡುವ ಹೊತ್ತು 2.5 ಸೆಕೆಂಡಿನೊಳಗೆ ಬಂತು, ಗೂಗಲ್ ಒಳ್ಳೆಯದು ಅನ್ನುವ ಮಿತಿ ಅದೇ.

ಹಳೆಯ ಪುಟದಲ್ಲಿ ಎಲ್ಲ ಸೀರೆಗೂ “ಸಿಲ್ಕ್” ಎಂದಿತ್ತು. ಇದರ ಮೇಲೆ ಕಾಕಾ ಅವರ ಜೊತೆ ಬಹಳ ಹೊತ್ತು ಮಾತಾಡಿದೆ. ಹತ್ತಿ ಒಡಲು-ರೇಷ್ಮೆ ಸೆರಗು ಬೇರೆ, ಚಮಕಾ ಬೇರೆ, ಪೂರ್ತಿ ರೇಷ್ಮೆ ಬೇರೆ. ಕೈಮಗ್ಗ ಬೇರೆ, ಪವರ್‌ಲೂಮ್ ಬೇರೆ. ಬೆಲೆಯಲ್ಲೂ ಅಂತರ, ನೇಕಾರರ ಕೂಲಿಯಲ್ಲೂ ಅಂತರ. ಇಳಕಲ್ ಸೀರೆಗೆ ಭೌಗೋಳಿಕ ಗುರುತು ಇದೆ. ಆ ಹೆಸರು ಉಳಿಯಬೇಕಾದರೆ ಮಾರುವವರು ಬಿಡಿಸಿ ಹೇಳಲೇಬೇಕು. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂಗಡಿಯಾಗ ಬಂದವರಿಗೆ ಬಾಯಿಂದ ಹೇಳೇ ಹೇಳ್ತೀನಿ. ಅಲ್ಲೂ ಬರೀರಿ” ಅಂದರು. ಈಗ ಪ್ರತಿ ಸೀರೆಯ ಕೆಳಗೆ ಮಗ್ಗ, ಒಡಲು, ಸೆರಗು, ದಡಿ, ವಾರಿ, ಬ್ಲೌಸ್ ಪೀಸ್ ಎಲ್ಲ ಬರೆದಿದೆ. ವಾಟ್ಸಾಪಿನ ಆ ಪ್ರಶ್ನೆಗಳಿಗೆ ಅಲ್ಲೇ ಉತ್ತರ.

ಕಾರ್ಟ್ ಬೇಡ ಅಂದದ್ದು

ಕೊಟೇಶನ್ನಿನಲ್ಲಿ ಅರ್ಧ ಹಣ ಇದ್ದದ್ದು ಕಾರ್ಟ್ ಮತ್ತು ಪೇಮೆಂಟಿಗೆ. ಸದ್ಯಕ್ಕೆ ಬೇಡ ಎಂದೆ. ಕೈಮಗ್ಗದ ಸೀರೆ ಒಂದೇ ತರಹದ್ದು ಹತ್ತು ಇರುವುದಿಲ್ಲ. ಸೈಟಿನಲ್ಲಿ ತೋರಿಸಿದ ಸೀರೆ ಮಧ್ಯಾಹ್ನ ಗಲ್ಲೆಯ ಮುಂದೆ ಮಾರಿ ಹೋಗಿರುತ್ತದೆ. ಸ್ಟಾಕ್ ಲೆಕ್ಕ ಗಂಟೆಗೊಮ್ಮೆ ತಿದ್ದಲು ಅಲ್ಲಿ ಜನ ಇಲ್ಲ. ಹಣ ಕಟ್ಟಿದವರಿಗೆ ಸೀರೆ ಇಲ್ಲ ಅನ್ನುವುದು ಅಂಗಡಿಯ ಹೆಸರಿಗೆ ಒಳ್ಳೆಯದಲ್ಲ. ಅದರ ಬದಲು ಪ್ರತಿ ಸೀರೆಯ ಕೆಳಗೆ ವಾಟ್ಸಾಪ್ ಬಟನ್ ಇಟ್ಟೆ. ಒತ್ತಿದರೆ ಆ ಸೀರೆಯ ನಂಬರ್ ಸಮೇತ ಮೆಸೇಜ್ ತೆರೆಯುತ್ತದೆ. ವೈನಿ ಇದೆಯೋ ಇಲ್ಲವೋ ನೋಡಿ ಹೇಳುತ್ತಾರೆ.

ಆನ್‌ಲೈನ್ ಮಾರಾಟಕ್ಕೆ 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳೂ ಇವೆ. ದೂರು ಕೇಳುವ ಅಧಿಕಾರಿಯ ಹೆಸರು, ಸಂಪರ್ಕ ಕೊಡಬೇಕು. ದೂರು ಬಂದದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಕಾರ್ಟ್ ಇಲ್ಲದಿದ್ದರೂ ಅಂಗಡಿಯ ಪೂರ್ತಿ ವಿಳಾಸ, ಜಿಎಸ್‌ಟಿ ನಂಬರ್, ವಾಪಸಿನ ಷರತ್ತು, ದೂರಿಗೆ ಯಾರನ್ನು ಕೇಳಬೇಕು ಎಂಬುದನ್ನು ಒಂದು ಪುಟದಲ್ಲಿ ಬರೆಸಿದೆ. ದೂರದಿಂದ ಹಣ ಕಳಿಸುವವರಿಗೆ ಅದು ಧೈರ್ಯ.

ರಿಪೇರಿ ಮಾಡಿದ ಕಾಪಿಯನ್ನು ಮೂಲ ಸೈಟಿನ ಜಾಗಕ್ಕೆ ತಂದದ್ದು ರಾತ್ರಿ, ಅಂಗಡಿ ಮುಚ್ಚಿದ ಮೇಲೆ. ಹಳೆಯ ವಿಳಾಸಗಳನ್ನೆಲ್ಲ ಪಟ್ಟಿ ಮಾಡಿ ಒಂದೊಂದನ್ನೂ ತೆರೆದು ನೋಡಿದೆ. ನೇಯ್ಗೆಯ ಇಂಗ್ಲಿಷ್ ಪುಟ ಅದೇ ವಿಳಾಸದಲ್ಲಿ ತೆರೆಯಿತು, ಮೇಲೆ ಕನ್ನಡ ಪುಟಕ್ಕೆ ದಾರಿ ಸೇರಿಸಿದೆ. ಗೂಗಲ್‌ನ ಸರ್ಚ್ ಕನ್ಸೋಲಿಗೆ ಸೈಟ್‌ಮ್ಯಾಪ್ (ಪುಟಗಳ ಪಟ್ಟಿ) ಕೊಟ್ಟದ್ದಾಯಿತು.

ಬಾಕಿ ಇರುವುದು ಎರಡು. ಒಂಬತ್ತು ವಾರಿ ಸೀರೆಗಳ ಫೋಟೊ ಇನ್ನೂ ತೆಗೆಯಬೇಕು. ಮತ್ತೆ ಪಿಎಚ್‌ಪಿ 8.3ಕ್ಕೆ ಸೆಕ್ಯುರಿಟಿ ಅಪ್‌ಡೇಟ್ 2027ರ ಡಿಸೆಂಬರ್ 31ರವರೆಗೆ ಮಾತ್ರ. ಆ ವರ್ಷದ ದೀಪಾವಳಿ ವ್ಯಾಪಾರ ಶುರುವಾಗುವ ಮುಂಚೆಯೇ ಮುಂದಿನದಕ್ಕೆ ಹೋಗಬೇಕು ಎಂದು ತಿಜೋರಿಯ ಆ ಹಾಳೆಯಲ್ಲಿ, ಡೊಮೇನಿನ ರಿನ್ಯೂವಲ್ ತಾರೀಖಿನ ಕೆಳಗೆ ಬರೆಸಿದ್ದೇನೆ.